ಮೆಚ್ಚಿದ ಚಿತ್ರ, ಮಾಡಿದ ಚಿತ್ರ

ಸತ್ಯಜಿತ್ ರೇ 1950ರಲ್ಲಿ ಲಂಡನ್ನಿಗೆ ಹೋದದ್ದು ಸಿನಿಮಾ ಕಲಿಯಲಿಕ್ಕಲ್ಲ, ತಾವಿದ್ದ ಜಾಹೀರಾತು ಕಂಪೆನಿಯ ಕೆಲಸಕ್ಕೆ. ಅಲ್ಲಿದ್ದ ಕೆಲವೇ ತಿಂಗಳಲ್ಲಿ ನೂರರ ಆಸುಪಾಸು ಚಿತ್ರಗಳನ್ನು ನೋಡಿದರು. ವಿತ್ತೋರಿಯೊ ಡಿ ಸಿಕಾರ ‘ಬೈಸಿಕಲ್ ಥೀವ್ಸ್’ ಅವರನ್ನು ಹಿಡಿದು ಅಲ್ಲಾಡಿಸಿತು. ಮರಳುವ ಹಡಗಿನಲ್ಲೇ ‘ಪಥೇರ್ ಪಾಂಚಾಲಿ’ಯ ಕೆಲಸಕ್ಕೆ ಕುಳಿತರು.

ಇದು ಬಹಳ ಜನರಿಗೆ ಗೊತ್ತಿರುವ ಸಂಗತಿ. ಆದರೆ ಎರಡೂ ಚಿತ್ರಗಳನ್ನು ಬೆನ್ನುಬೆನ್ನಿಗೆ ನೋಡಿ: ಮೇಲ್ನೋಟಕ್ಕೆ ಹೋಲಿಕೆಯೇ ಸಿಕ್ಕುವುದಿಲ್ಲ. ಅದು ರೋಮಿನ ಬೀದಿಗಳಲ್ಲಿ ಕಳೆದ ಸೈಕಲ್ಲಿಗಾಗಿ ಅಲೆಯುವ ತಂದೆ–ಮಗನ ಕೆಲವೇ ದಿನಗಳ ಕಥೆ. ಇದು ಬಂಗಾಳದ ಹಳ್ಳಿಯೊಂದರಲ್ಲಿ ವರ್ಷಗಟ್ಟಲೆ ಹರಿಯುವ ಬದುಕು. ಹಾಗಾದರೆ ರೇ ತಂದದ್ದೇನು? ಧೈರ್ಯ. ಲಂಬೆರ್ತೊ ಮಜ್ಜೊರಾನಿ ಎಂಬ ಕಾರ್ಖಾನೆ ಕೂಲಿಯವನು ನಾಯಕನಾಗಬಲ್ಲನಾದರೆ, ನಿಜವಾದ ಬೀದಿಯೇ ಸೆಟ್ ಆಗಬಲ್ಲುದಾದರೆ, ‘ಪಥೇರ್ ಪಾಂಚಾಲಿ’ ಚಿತ್ರೀಕರಿಸಿದ ಬೋಡಾಲ್ ಹಳ್ಳಿಯಲ್ಲಿ ಅದೇಕಾಗದು? ಮೂವಿ ಕ್ಯಾಮೆರಾ ನಡೆಸಿಯೇ ಇರದ ಸುಬ್ರತ ಮಿತ್ರರ ಕೈಗೆ ಛಾಯಾಗ್ರಹಣ ಒಪ್ಪಿಸಿದ್ದು ಅದೇ ಧೈರ್ಯದಿಂದ. ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾ ಬಂಗಾಳದಲ್ಲಿ ‘ದಿ ರಿವರ್’ ತೆಗೆಯುವಾಗ ಪಕ್ಕದಲ್ಲಿ ನಿಂತು ನೋಡಿದ್ದೇ ಮಿತ್ರರಿಗೆ ಪಾಠವಾಗಿತ್ತು.

ನೋಡುವುದಕ್ಕೂ ರೇ ಮೊದಲೇ ಪಳಗಿದ್ದರು. 1947ರಲ್ಲಿ ಚಿದಾನಂದ ದಾಸ್‌ಗುಪ್ತ ಮೊದಲಾದವರೊಡನೆ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. ಯಾವುದಾದರೂ ಕಥೆ ಸಿನಿಮಾ ಆಗುತ್ತದೆಂದು ತಿಳಿದರೆ ತಾವೇ ಅದಕ್ಕೊಂದು ಚಿತ್ರಕಥೆ ಬರೆದು, ಆಮೇಲೆ ತೆರೆಯ ಮೇಲೆ ಬಂದದ್ದರೊಂದಿಗೆ ಹೋಲಿಸುತ್ತಿದ್ದರು. ಮೆಚ್ಚಿದ ಚಿತ್ರಗಳ ಬಗ್ಗೆ ಬರೆದರು. ‘ಅವರ್ ಫಿಲ್ಮ್ಸ್, ದೇರ್ ಫಿಲ್ಮ್ಸ್’ 1976ರಲ್ಲಿ ಪುಸ್ತಕವಾಯಿತು. ಒಬ್ಬ ನಿರ್ದೇಶಕನ ಮೆಚ್ಚುಗೆ ಎಷ್ಟು ಎಚ್ಚರದ್ದು ಎಂದು ತಿಳಿಯಲು ಆ ಪುಸ್ತಕ ಓದಲೇಬೇಕು.

ಇಂದು ನಿರ್ದೇಶಕರನ್ನು ಕೇಳಿದರೆ ಇಷ್ಟದ ಹತ್ತು ಹೆಸರು ಕೂಡಲೇ ಸಿಗುತ್ತವೆ. ಅವುಗಳ ಯಾವ ದೃಶ್ಯ, ಯಾವ ಮೌನ ಅವರ ಕೆಲಸವನ್ನು ಬದಲಿಸಿತು ಎಂಬ ಬರಹ ಕನ್ನಡದಲ್ಲಿ ಸಾಲದು. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಜನರ ಮುಂದಿಟ್ಟ ನಾಡಿದು; ನೋಡುವ ಕಣ್ಣು ನಮ್ಮಲ್ಲಿದೆ. ಕನ್ನಡದ ಹೊಸ ನಿರ್ದೇಶಕರು, ಛಾಯಾಗ್ರಾಹಕರು, ಸಂಕಲನಕಾರರು ತಮ್ಮನ್ನು ರೂಪಿಸಿದ ಒಂದೇ ಒಂದು ಚಿತ್ರದ ಬಗ್ಗೆ ವಿವರವಾಗಿ ಬರೆದು ಕಳಿಸಬೇಕೆಂದು ಕೋರುತ್ತೇವೆ. ಮುಂದಿನ ಸಂಚಿಕೆಗಳಲ್ಲಿ ಅವನ್ನು ಪ್ರಕಟಿಸುತ್ತೇವೆ.