ಕಡಲಾಚೆ ಹೋದ ಲೇಖನಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರಗಳ ಪ್ರೌಢಶಾಲೆಗಳಲ್ಲಿ ನನ್ನ ಬಳಿ ಓದಿದ ಹೆಣ್ಣುಮಕ್ಕಳಲ್ಲಿ ಕೆಲವರು ಈಗ ಅಮೆರಿಕದಲ್ಲಿ ನೆಲೆಸಿದ್ದಾರೆ. ಗೋಡೆಪತ್ರಿಕೆಗೆ ಕಥೆ ಬರೆದವರು, ತಂಬಾಕಿನ ಬ್ಯಾರನ್ನಿನ ಬೆಂಕಿ ಕಾಯುತ್ತಲೇ ಪದ್ಯ ಕಟ್ಟಿದವರು ಅವರಲ್ಲಿದ್ದಾರೆ. ದೂರವಾಣಿಯಲ್ಲಿ "ಈಗ ಏನು ಬರೆಯುತ್ತಿದ್ದೀಯಮ್ಮಾ?" ಎಂದು ಕೇಳಿದರೆ, "ಎಲ್ಲಿ ಸಾರ್, ಅದನ್ನೆಲ್ಲ ಊರಲ್ಲೇ ಬಿಟ್ಟುಬಂದೆ" ಎನ್ನುತ್ತಾರೆ. ಪರದೇಶದಲ್ಲಿ ಬರವಣಿಗೆ ಬತ್ತಿಹೋಗುವುದು ಸಹಜವೆಂಬ ಈ ಭಾವನೆಯನ್ನು ನಾನು ಒಪ್ಪಲಾರೆ.

ಅವರು ಇಂದು ಬಾಳುತ್ತಿರುವ ಅಮೆರಿಕವನ್ನೇ ತೊರೆದು, ಕಲೆಗಾಗಿ ಕಡಲು ದಾಟಿದ ಹೆಂಗಸರ ಒಂದು ತಲೆಮಾರೇ ಹತ್ತೊಂಬತ್ತನೆಯ ಶತಮಾನದಲ್ಲಿತ್ತು. ಮ್ಯಾಸಚೂಸೆಟ್ಸಿನ ಹ್ಯಾರಿಯೆಟ್ ಹಾಸ್ಮರ್ ಶಿಲ್ಪಿಯಾಗಬಯಸಿದಳು. ಶಿಲ್ಪಿಗೆ ದೇಹರಚನೆಯ ಜ್ಞಾನ ಬೇಕಷ್ಟೆ? ಬಾಸ್ಟನ್ನಿನಲ್ಲಿ ಹೆಣ್ಣಿಗೆ ಅದನ್ನು ಕಲಿಸುವವರಿಲ್ಲದೆ ದೂರದ ಸೇಂಟ್ ಲೂಯಿಸಿಗೆ ಹೋಗಿ ಕಲಿತಳು. 1852ರಲ್ಲಿ ರೋಮಿಗೆ ಹೊರಟಳು. ಅಲ್ಲಿ ಅಮೃತಶಿಲೆಯಿತ್ತು, ನುರಿತ ಕಲ್ಲುಕುಟಿಗರಿದ್ದರು, ಬದುಕು ಅಗ್ಗವಾಗಿತ್ತು. ಇವೆಲ್ಲಕ್ಕಿಂತ ಮುಖ್ಯವಾಗಿ ಜೊತೆಯಿತ್ತು. ನಟಿ ಶಾರ್ಲಟ್ ಕುಷ್‌ಮನ್ನಳ ಮನೆ ಇಂಥ ಹೆಂಗಸರಿಗೆಲ್ಲ ಕೂಡುದಾಣವಾಗಿತ್ತು. ಆಫ್ರಿಕನ್ ಮೂಲದ ತಂದೆ, ಒಜಿಬ್ವೆ ಬುಡಕಟ್ಟಿನ ಮನೆತನದ ತಾಯಿಗೆ ಹುಟ್ಟಿದ ಎಡ್ಮೋನಿಯಾ ಲೂಯಿಸ್ ಕೂಡ ಅದೇ ರೋಮಿನಲ್ಲಿ ಉಳಿ ಹಿಡಿದಳು. ಅವಳ 'ಕ್ಲಿಯೋಪಾತ್ರಳ ಮರಣ' 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ನಿಂತಿತು.

ಹಾಸ್ಮರಳ 'ಜೆನೋಬಿಯಾ' ವಿಗ್ರಹ ಹೆಸರು ಗಳಿಸಿದಾಗ, ಅದನ್ನು ಕೆತ್ತಿದವರು ಅವಳ ಕೆಲಸಗಾರರೆಂದು 1863ರಲ್ಲಿ ಇಂಗ್ಲಿಷ್ ಪತ್ರಿಕೆಗಳಲ್ಲಿ ಅಪವಾದ ಹುಟ್ಟಿತು. ಹೆಂಗಸಿನ ಕಥೆ ಚೆನ್ನಾಗಿದ್ದರೆ "ಮನೆಯವರು ತಿದ್ದಿಕೊಟ್ಟಿರಬೇಕು" ಎನ್ನುವ ನಮ್ಮವರ ಚಾಳಿ ಅಲ್ಲಿಯೂ ಇತ್ತು! ಅವಳು ಅಳುತ್ತಾ ಕೂರಲಿಲ್ಲ. ಮಾನನಷ್ಟದ ದಾವೆಗೆ ಮುಂದಾದಳು. ಮರುವರ್ಷ ಶಿಲ್ಪ ಸಿದ್ಧವಾಗುವ ಕ್ರಮವನ್ನೇ ವಿವರಿಸಿ ಲೇಖನ ಬರೆದಳು. ಮಾದರಿ ರೂಪಿಸುವುದು ಶಿಲ್ಪಿ, ಅದನ್ನು ಕಲ್ಲಿಗೆ ಇಳಿಸಲು ಕೆಲಸಗಾರರ ನೆರವು ಪಡೆಯುವುದು ಗಂಡಸರೂ ಅನುಸರಿಸುವ ರೂಢಿಯೆಂದು ತೋರಿಸಿಕೊಟ್ಟಳು.

ನಮ್ಮ ಕಡೆಯ ನಿದರ್ಶನವೂ ಇದೆ. ಹುಬ್ಬಳ್ಳಿಯಲ್ಲಿ ಹುಟ್ಟಿದ ಧನವಂತಿ ರಾಮರಾವ್ ಅವರ ಮಗಳು ಸಾಂತಾ ರಾಮರಾವ್ 1945ರಲ್ಲಿಯೇ 'ಹೋಮ್ ಟು ಇಂಡಿಯಾ' ಪ್ರಕಟಿಸಿ, ಮುಂದೆ ಅಮೆರಿಕದಲ್ಲಿ ಲೇಖಕಿಯಾಗಿ ಬಾಳಿ 2009ರಲ್ಲಿ ಅಲ್ಲಿಯೇ ತೀರಿಕೊಂಡರು. ಆದರೆ ತಂದೆ ಬೆನೆಗಲ್ ರಾಮರಾವ್ ರಾಯಭಾರಿಯಾಗಿದ್ದವರು. ಮಗಳು ಬರೆದದ್ದು ಇಂಗ್ಲಿಷಿನಲ್ಲಿ. ಎಚ್.ಡಿ. ಕೋಟೆಯಿಂದ ಗಂಡನ ಬೆನ್ನಿಗೆ ಹೊರಟ ಕನ್ನಡದ ಹುಡುಗಿಗೆ ಆ ಅನುಕೂಲಗಳೆಲ್ಲಿ? ಎಚ್-4 ವೀಸಾದಲ್ಲಿ ಹೋದವಳಿಗೆ 2015ರವರೆಗೆ ದುಡಿಯುವ ಅನುಮತಿಯೇ ಇರಲಿಲ್ಲ. ಆ ವರ್ಷ ಅನುಮತಿ ದೊರೆತದ್ದೂ ಗ್ರೀನ್ ಕಾರ್ಡಿನ ಹಾದಿಯಲ್ಲಿದ್ದವರ ಪತಿ-ಪತ್ನಿಯರಿಗೆ ಮಾತ್ರ. ರೋಮಿಗೆ ಹೋದವಳು ತನ್ನ ಕೆಲಸಕ್ಕಾಗಿ ಹೋದಳು. ನಮ್ಮವಳು ಇನ್ನೊಬ್ಬರ ಕೆಲಸದ ನೆರಳಾಗಿ ಹೋದಳು. ಲೇಖನಿ ಕೈಬಿಟ್ಟದ್ದು ಅಲ್ಲಿ, ಕಡಲಿನ ಮೇಲಲ್ಲ.

ಬಿಟ್ಟುಬಂದ ನಾಡಿನ ಕಲೆ ಉಳಿಯುವ ಬಗೆಯನ್ನು ಕಾಣಲು ನಾವು ರೋಮಿನವರೆಗೆ ಹೋಗಬೇಕಿಲ್ಲ. ಪಿರಿಯಾಪಟ್ಟಣದ ಪಕ್ಕದ ಬೈಲಕುಪ್ಪೆಗೆ 1960ರ ಸುಮಾರಿಗೆ ಬಂದ ಟಿಬೆಟನ್ನರು ಕಾಡು ಕಡಿದು ಜೋಳ ಬೆಳೆದರು. ಅವರ ಹೆಂಗಸರು ಒಟ್ಟಿಗೆ ಕುಳಿತು ರತ್ನಗಂಬಳಿ ನೇಯ್ದರು. ಒಬ್ಬೊಬ್ಬಳೇ ಒಂದೊಂದು ಮನೆಯಲ್ಲಿ ಉಳಿದಿದ್ದರೆ ಆ ಮಗ್ಗಗಳು ನಡೆಯುತ್ತಿದ್ದವೇ?

ಅಮೆರಿಕದ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವದ ಊಟಕ್ಕೆ ಹೋಳಿಗೆ ಮಾಡಲು, ಮಕ್ಕಳಿಗೆ ಕೋಲಾಟ ಕಲಿಸಲು ಹೆಂಗಸರನ್ನು ಕರೆಯುತ್ತಾರೆ. ಸಂತೋಷ. ಅವಳು ಬರೆದದ್ದನ್ನು ಕೇಳಲು ಎಷ್ಟು ಮಂದಿ ಕರೆಯುತ್ತಾರೆ? ಅಲ್ಲಿನ ಕನ್ನಡ ಸಾಹಿತ್ಯ ರಂಗ ಪುಸ್ತಕಗಳನ್ನು ಹೊರತರುತ್ತಿರುವುದು ಮೆಚ್ಚತಕ್ಕದ್ದು. ಆದರೆ ಸಮ್ಮೇಳನ ಬರುವವರೆಗೆ ಕಾಯುವುದೇಕೆ? ತಿಂಗಳಿಗೊಂದು ಶನಿವಾರ ನಾಲ್ಕು ಮನೆಯ ಹೆಂಗಸರು ಕುಳಿತು ಬರೆದದ್ದನ್ನು ಓದಿಕೊಳ್ಳಲಿ. ಅಂದಿನ ಅಡುಗೆ, ಮಕ್ಕಳ ಹೊಣೆ ಗಂಡಂದಿರದು. ಅವರಲ್ಲಿಯೂ ಕೆಲವರು ನನ್ನ ವಿದ್ಯಾರ್ಥಿಗಳೇ. ಉಪ್ಪಿಟ್ಟು ಮಾಡಲು ಬರುವುದಿಲ್ಲವೆಂದು ನನ್ನೆದುರು ಹೇಳುವಂತಿಲ್ಲ.