ಆಲ್ಟರ್ನೇಟರ್ ಬದಲಿಸುವ ಮುನ್ನ ಸೋರಿಕೆಯನ್ನು ಪರಿಶೀಲಿಸಿ

ವಾಹನ ದುರಸ್ತಿ ಕ್ಷೇತ್ರದಲ್ಲಿ ಮರುಕಳಿಸುತ್ತಿರುವ ಒಂದು ಸಮಸ್ಯೆಯು ಗ್ಯಾರೇಜ್ ಮಾಲೀಕರ ಹಾಗೂ ಬಿಡಿಭಾಗ ವರ್ತಕರ ಗಮನಕ್ಕೆ ಅರ್ಹವಾಗಿದೆ. ಕಾರಿನ ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೆಂದು ಆಲ್ಟರ್ನೇಟರ್ ಬದಲಿಸಲಾಗುತ್ತದೆ. ಕೆಲವೇ ತಿಂಗಳುಗಳಲ್ಲಿ ಹೊಸದೂ ಕೆಡುತ್ತದೆ. ಗ್ರಾಹಕನು ಗ್ಯಾರೇಜನ್ನು ದೂರುತ್ತಾನೆ, ಗ್ಯಾರೇಜಿನವರು ಅಂಗಡಿಯವರನ್ನು ದೂರುತ್ತಾರೆ, ಅಂಗಡಿಯವರು ತಯಾರಕರತ್ತ ಬೆರಳು ತೋರಿಸುತ್ತಾರೆ. ಇಂತಹ ಕೆಲವು ಪ್ರಕರಣಗಳಲ್ಲಿ ದೋಷವಿರುವುದು ಆಲ್ಟರ್ನೇಟರಿನಲ್ಲಲ್ಲ. ಅದರ ಮೇಲೆ ತೊಟ್ಟಿಕ್ಕುತ್ತಿರುವ ಪವರ್ ಸ್ಟಿಯರಿಂಗ್ ಆಯಿಲಿನಲ್ಲಿ.

ಹೈಡ್ರಾಲಿಕ್ ಪವರ್ ಸ್ಟಿಯರಿಂಗ್ ಇರುವ ವಾಹನಗಳಲ್ಲಿ ಸ್ಟಿಯರಿಂಗ್ ಪಂಪು ಮತ್ತು ಆಲ್ಟರ್ನೇಟರ್ ಎರಡೂ ಸಾಮಾನ್ಯವಾಗಿ ಎಂಜಿನ್ನಿನ ಒಂದೇ ಪಾರ್ಶ್ವದಲ್ಲಿದ್ದು, ಬೆಲ್ಟಿನ ಮೂಲಕ ತಿರುಗುತ್ತವೆ. ಕೆಲವು ಎಂಜಿನ್ನುಗಳಲ್ಲಿ ಪಂಪು ಮೇಲಿದ್ದು ಆಲ್ಟರ್ನೇಟರ್ ಅದರ ಕೆಳಗಿರುತ್ತದೆ. ಪಂಪಿನ ಶಾಫ್ಟ್ ಸೀಲ್ ಸವೆದರೆ, ಓ-ರಿಂಗ್ ಗಟ್ಟಿಯಾದರೆ ಅಥವಾ ಹೋಸ್ ಪೈಪಿನ ಕ್ಲಾಂಪ್ ಸಡಿಲಗೊಂಡರೆ ಆಯಿಲ್ ನೇರವಾಗಿ ಕೆಳಕ್ಕೆ ಇಳಿಯುತ್ತದೆ. ತಂಪು ಗಾಳಿ ಹಾಯಲೆಂದು ಆಲ್ಟರ್ನೇಟರಿನ ಹೊರಕವಚದಲ್ಲಿ ಬಿಟ್ಟಿರುವ ಕಿಂಡಿಗಳೇ ಆಯಿಲಿಗೂ ದಾರಿಯಾಗುತ್ತವೆ.

ಒಳಸೇರಿದ ಆಯಿಲ್ ಕಾರ್ಬನ್ ಬ್ರಷ್‌ಗಳ ಪುಡಿಯೊಡನೆ ಬೆರೆತು ಅಂಟಾಗಿ, ಬ್ರಷ್ ಮತ್ತು ಸ್ಲಿಪ್ ರಿಂಗ್‌ಗಳ ನಡುವಿನ ಸಂಪರ್ಕವನ್ನು ಕೆಡಿಸುತ್ತದೆ. ರೋಟರಿಗೆ ಸಾಕಷ್ಟು ವಿದ್ಯುತ್ ದೊರೆಯದೆ ಉತ್ಪಾದನೆ ಕುಸಿಯುತ್ತದೆ. ಆಯಿಲಿಗೆ ಧೂಳು ಮೆತ್ತಿಕೊಂಡು ಗಾಳಿಯ ಹರಿವು ತಗ್ಗಿದಾಗ ಡಯೋಡುಗಳು ಬಿಸಿಯೇರುತ್ತವೆ. ಬೆಲ್ಟಿಗೆ ಆಯಿಲ್ ತಾಗಿದರೆ ಅದು ಜಾರಿ ಕಿರುಗುಟ್ಟುತ್ತದೆ. ಹೀಗಿರುವಾಗ ಸೋರಿಕೆಯನ್ನು ನಿಲ್ಲಿಸದೆ ಹೊಸ ಆಲ್ಟರ್ನೇಟರ್ ಕೂರಿಸುವುದು ಸೋರುವ ಮಾಳಿಗೆಯಡಿ ಹೊಸ ಹಾಸಿಗೆ ಹಾಸಿದಂತೆಯೇ ಸರಿ.

ಈ ದೋಷವು ಕಣ್ತಪ್ಪುವುದಕ್ಕೆ ಕೆಲಸದ ವಿಭಜನೆಯೂ ಒಂದು ಕಾರಣ. ಅನೇಕ ಊರುಗಳಲ್ಲಿ ಮೆಕ್ಯಾನಿಕ್ ಬೇರೆ, ಆಟೋ ಎಲೆಕ್ಟ್ರಿಷಿಯನ್ ಬೇರೆ. ಸೋರುವ ಪಂಪು ಮೆಕ್ಯಾನಿಕ್ಕಿನ ಕೆಲಸ, ಕೆಟ್ಟ ಆಲ್ಟರ್ನೇಟರ್ ಎಲೆಕ್ಟ್ರಿಷಿಯನ್ನನ ಕೆಲಸ. ಬಿಚ್ಚಿ ತಂದ ಆಲ್ಟರ್ನೇಟರನ್ನು ಮೇಜಿನ ಮೇಲೆ ಪರೀಕ್ಷಿಸುವ ಎಲೆಕ್ಟ್ರಿಷಿಯನ್ನನು ಅದರ ಮೇಲಿದ್ದ ಪಂಪನ್ನು ಕಾಣುವುದೇ ಇಲ್ಲ. ಪ್ರತಿ ತಿಂಗಳು ಸ್ಟಿಯರಿಂಗ್ ಆಯಿಲ್ ತುಂಬಿಸುತ್ತಿರುವ ಮೆಕ್ಯಾನಿಕ್ ಬ್ಯಾಟರಿಯ ವಿಚಾರಕ್ಕೆ ಹೋಗುವುದಿಲ್ಲ. ನಷ್ಟವು ಇವರಿಬ್ಬರ ನಡುವೆ ಸಿಲುಕಿದ ಗ್ರಾಹಕನದು. ಟ್ಯಾಕ್ಸಿ ಮಾಲೀಕನಾದರೆ ಬಿಡಿಭಾಗದ ವೆಚ್ಚದ ಜತೆಗೆ ವಾಹನ ನಿಂತ ದಿನಗಳ ಸಂಪಾದನೆಯನ್ನೂ ಕಳೆದುಕೊಳ್ಳುತ್ತಾನೆ.

ಪತ್ತೆ ಹಚ್ಚುವ ಕ್ರಮ

ಈ ದೋಷವನ್ನು ಕಂಡುಹಿಡಿಯಲು ದುಬಾರಿ ಯಂತ್ರೋಪಕರಣಗಳು ಬೇಕಿಲ್ಲ. ಒಂದು ಮಲ್ಟಿಮೀಟರ್, ಒಂದು ಟಾರ್ಚ್ ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕು. ಎಂಜಿನ್ ನಿಂತಿರುವಾಗ ಪೂರ್ಣ ಚಾರ್ಜ್ ಆದ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್ ಮತ್ತು ಎ.ಸಿ. ಬ್ಲೋವರ್ ಹಾಕಿದಾಗ ಇದು 13ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ಚಾರ್ಜಿಂಗ್ ವ್ಯವಸ್ಥೆಯಲ್ಲಿ ದೋಷವಿದೆಯೆಂದು ಶಂಕಿಸಬಹುದು. ಆಗ ಮೊದಲು ಬೆಲ್ಟಿನ ಬಿಗಿತ, ಬ್ಯಾಟರಿ ಟರ್ಮಿನಲ್ಲುಗಳು ಮತ್ತು ಅರ್ತ್ ವೈರನ್ನು ನೋಡಬೇಕು.

ಅನಂತರ ಆಲ್ಟರ್ನೇಟರಿನ ಹೊರಮೈಯನ್ನು ಪರೀಕ್ಷಿಸಬೇಕು. ಅಲ್ಲಿ ಆಯಿಲ್ ಕಂಡರೆ ಅದರ ಮೂಲವನ್ನು ಮೇಲ್ಮುಖವಾಗಿ ಹುಡುಕಬೇಕು. ಬಣ್ಣವೊಂದನ್ನೇ ನಂಬುವಂತಿಲ್ಲ. ಕೆಲವು ಸ್ಟಿಯರಿಂಗ್ ಆಯಿಲುಗಳು ಕೆಂಪಾಗಿದ್ದರೂ ಹಳತಾದಾಗ ಎಂಜಿನ್ ಆಯಿಲಿನಂತೆಯೇ ಕಾಣುತ್ತವೆ. ಪಂಪು ಮತ್ತು ಹೋಸ್‌ಗಳನ್ನು ಒರೆಸಿ ಒಣಗಿಸಿ, ಎಂಜಿನ್ ಚಾಲೂ ಮಾಡಿ, ಸ್ಟಿಯರಿಂಗನ್ನು ಎರಡೂ ಕಡೆಗೆ ಕೆಲವು ಬಾರಿ ತಿರುಗಿಸಿದರೆ ಒತ್ತಡ ಏರಿ ಸೋರಿಕೆಯ ಜಾಗ ಗೋಚರಿಸುವ ಸಾಧ್ಯತೆ ಹೆಚ್ಚು. ಕೊನೆಯ ಹಂತದಲ್ಲಿ ಬಹಳ ಹೊತ್ತು ಹಿಡಿದಿಟ್ಟರೆ ಪಂಪಿಗೇ ಹಾನಿ. ರಿಸರ್ವಾಯರಿನ ಮಟ್ಟ ಪದೇ ಪದೇ ಇಳಿಯುವುದು ಮತ್ತು ತಿರುವಿನಲ್ಲಿ ಪಂಪು ಕೊರಗುವ ಸದ್ದು ಸಹ ಸುಳಿವುಗಳೇ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಳಚಿ ಆಲ್ಟರ್ನೇಟರನ್ನು ಪರೀಕ್ಷಿಸುವ ಹಳೆಯ ರೂಢಿಯನ್ನು ಮಾತ್ರ ಸಂಪೂರ್ಣವಾಗಿ ಕೈಬಿಡಬೇಕು. ಆ ಕ್ಷಣದಲ್ಲಿ ವೋಲ್ಟೇಜ್ ಹಠಾತ್ತನೆ ಏರಿ ಡಯೋಡುಗಳನ್ನೂ ಎಂಜಿನ್ ಕಂಟ್ರೋಲ್ ಯೂನಿಟ್ಟನ್ನೂ ಸುಟ್ಟುಹಾಕಬಹುದು.

ತಪಾಸಣೆಗೂ ಬೆಲೆಯಿರಲಿ

ಇಷ್ಟು ಸರಳವಾದ ತಪಾಸಣೆಯು ನಡೆಯದಿರಲು ಮುಖ್ಯ ಕಾರಣ ಅಜ್ಞಾನವಲ್ಲ, ಅದಕ್ಕೆ ಹಣ ಸಿಗದಿರುವುದು. ಬಿಲ್ಲಿನಲ್ಲಿ ಬಿಡಿಭಾಗಕ್ಕೆ ಬೆಲೆಯುಂಟು, ಕೂರಿಸಿದ್ದಕ್ಕೆ ಕೂಲಿಯುಂಟು. ಕಾರಣ ಹುಡುಕಿದ ಅರ್ಧ ಗಂಟೆಗೆ ಮಾತ್ರ ಏನೂ ಇಲ್ಲ. ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿಯು 2025ರ ಸೆಪ್ಟೆಂಬರ್ 22ರಿಂದ ಶೇ. 18ರ ಏಕರೂಪ ದರಕ್ಕೆ ಬಂದಿದೆ. ಅದಕ್ಕೆ ಮುನ್ನ ಹಲವು ಬಿಡಿಭಾಗಗಳಿಗೆ ಶೇ. 28ರ ದರವಿತ್ತು. ತೆರಿಗೆ ಇಳಿದಿದೆಯೆಂಬ ಕಾರಣಕ್ಕೆ ಬದಲಿಸುವುದೇ ಸುಲಭವೆಂಬ ಮನೋಭಾವ ಬೆಳೆಯಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸೇವಾ ನ್ಯೂನತೆಯ ವಿರುದ್ಧ ದೂರು ನೀಡುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿದೆ. ಕಾರಣವನ್ನೇ ನೋಡದೆ ಎರಡು ಬಾರಿ ಬಿಡಿಭಾಗ ಬದಲಿಸಿದ ಗ್ಯಾರೇಜು ಅಂತಹ ದೂರಿಗೆ ಸಮರ್ಥ ಉತ್ತರ ನೀಡುವುದು ಕಷ್ಟ.

ಆದ್ದರಿಂದ ತಪಾಸಣಾ ಶುಲ್ಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ನಮೂದಿಸುವ ಪದ್ಧತಿಯನ್ನು ಗ್ಯಾರೇಜುಗಳು ರೂಢಿಸಿಕೊಳ್ಳಬೇಕು. ಆಲ್ಟರ್ನೇಟರ್ ಏಕೆ ಕೆಟ್ಟಿತೆಂಬುದನ್ನು ಜಾಬ್ ಕಾರ್ಡಿನಲ್ಲಿ ಒಂದು ಸಾಲಿನಲ್ಲಾದರೂ ಬರೆಯಬೇಕು. ವಾರಂಟಿ ಕ್ಲೇಮು ಬಂದಾಗ ವರ್ತಕರು ಹಳೆಯ ಆಲ್ಟರ್ನೇಟರಿನಲ್ಲಿ ಆಯಿಲಿನ ಗುರುತಿದೆಯೇ ಎಂದು ಮೊದಲು ನೋಡಬೇಕು.

ಹೊಸ ಕಾರುಗಳಲ್ಲಿ ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ವ್ಯಾಪಕವಾಗಿರುವುದರಿಂದ ಈ ಸಮಸ್ಯೆ ತಾನಾಗಿಯೇ ಮಾಯವಾಗುವುದೆಂದು ಕೆಲವರು ವಾದಿಸಬಹುದು. ಆದರೆ ಸ್ವತಂತ್ರ ಗ್ಯಾರೇಜುಗಳ ಜೀವನಾಧಾರವೇ ಹಳೆಯ ವಾಹನಗಳು. ಕೆಟ್ಟದ್ದನ್ನು ಬದಲಿಸುವವರು ಎಲ್ಲೆಡೆಯೂ ಸಿಗುತ್ತಾರೆ. ಏಕೆ ಕೆಟ್ಟಿತೆಂದು ಹೇಳಬಲ್ಲವರ ಬಳಿಗೆ ಗ್ರಾಹಕನು ಮತ್ತೆ ಬರುತ್ತಾನೆ.