ಗ್ರಾಮರ್ ಬೇಡ ಎನ್ನುವುದು ಯಾರ ಮಕ್ಕಳಿಗೆ?

ಇಂಗ್ಲಿಷ್ ಕಲಿಯಲು ವ್ಯಾಕರಣ ಬೇಕಿಲ್ಲ, ಧೈರ್ಯವಾಗಿ ಮಾತಾಡಿದರೆ ಸಾಕು ಎಂಬ ಮಾತು ಈಗ ಬಲವಾಗಿ ಚಲಾವಣೆಯಲ್ಲಿದೆ. ಸ್ಪೋಕನ್ ಇಂಗ್ಲಿಷ್ ಜಾಹೀರಾತುಗಳು ಇದನ್ನೇ ಸಾರುತ್ತವೆ. ಅಪ್ಪ ಅಮ್ಮ ಇಂಗ್ಲಿಷ್ ಆಡುವ ಮನೆಯ ಮಗುವಿಗೆ ಈ ಮಾತು ಒಪ್ಪಬಹುದು. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಸರ್ಕಾರಿ ಶಾಲೆಯ ಮಗುವಿಗೆ ಇದು ಅನ್ಯಾಯ. ಕೇಳಿ ಕಲಿಯುವ ಅವಕಾಶವೇ ಇಲ್ಲದವರಿಗೆ ನಿಯಮವೇ ಹತ್ತಿರದ ದಾರಿ.

ಇದಕ್ಕೆ ಎದುರಾಗಿ ಬರುವ ಒಂದು ವಾದವನ್ನು ನಾನು ಗೌರವಿಸುತ್ತೇನೆ. ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಕೆಜಿಎಫ್‌ನಲ್ಲಿ ಹಲವರದು ತಮಿಳು. ಇವರೆಲ್ಲ ವ್ಯಾಕರಣ ಪುಸ್ತಕ ತೆರೆಯದೆಯೇ ಕನ್ನಡ ಆಡುತ್ತಾರೆ. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು, ಬರೆದದ್ದು ಕನ್ನಡ. ಹಾಗಿರುವಾಗ ಇಂಗ್ಲಿಷ್ ಮಾತ್ರ ಯಾಕೆ ಬಾರದು?

ಯಾಕೆಂದರೆ ಆ ಮೂರು ಭಾಷೆಗಳ ಕಟ್ಟಡ ಒಂದೇ. ‘ನನಗೆ ಹಸಿವಾಗಿದೆ’ ಎನ್ನಿ, ‘ನಾಕು ಆಕಲಿಗಾ ಉಂದಿ’ ಎನ್ನಿ, ‘ಎನಕ್ಕು ಪಸಿಕ್ಕುದು’ ಎನ್ನಿ, ಹಸಿದವನು ಮೂರರಲ್ಲೂ ಚತುರ್ಥಿಯಲ್ಲೇ ಇದ್ದಾನೆ. ಕ್ರಿಯಾಪದ ಮೂರರಲ್ಲೂ ಕೊನೆಗೇ. ಒಂದರಿಂದ ಇನ್ನೊಂದಕ್ಕೆ ದಾಟುವ ಮಗು ಮುಖ್ಯವಾಗಿ ಪದ ಬದಲಿಸುತ್ತದೆ, ಯೋಚನೆಯ ಕ್ರಮವನ್ನಲ್ಲ. ಇಂಗ್ಲಿಷಿನಲ್ಲಿ ಆ ಕ್ರಮವೇ ತಿರುಗುಮುರುಗು. ‘ನಾಯಿ ಬೆಕ್ಕನ್ನು ಅಟ್ಟಿತು’, ‘ಬೆಕ್ಕನ್ನು ನಾಯಿ ಅಟ್ಟಿತು’: ನಮ್ಮಲ್ಲಿ ‘ಅನ್ನು’ ಪ್ರತ್ಯಯ ಇರುವವರೆಗೆ ಬೆಕ್ಕು ಎಲ್ಲಿ ಕೂತರೂ ಓಡುವುದು ಬೆಕ್ಕೇ. ಇಂಗ್ಲಿಷಿನಲ್ಲಿ ಜಾಗ ಬದಲಾದರೆ ಬೆಕ್ಕು ನಾಯಿಯನ್ನು ಅಟ್ಟುತ್ತದೆ. ಇದನ್ನು ಮಗು ತಾನಾಗಿ ಕಂಡುಕೊಳ್ಳಲಿ ಎಂದು ವರ್ಷಗಟ್ಟಲೆ ಕಾಯುವುದಕ್ಕಿಂತ ಹತ್ತು ನಿಮಿಷ ಕನ್ನಡದಲ್ಲಿ ವಿವರಿಸಬಾರದೇಕೆ? ವ್ಯಾಕರಣ ಎಂದರೆ ಮಕ್ಕಳು ಹೆದರುತ್ತಾರೆ ಎನ್ನುವವರು, ಲೆಕ್ಕಕ್ಕೆ ಹೆದರುತ್ತಾರೆಂದು ಯಾರೂ ಮಗ್ಗಿ ಬಿಟ್ಟಿಲ್ಲ ಎಂಬುದನ್ನು ನೆನೆಯಲಿ.

ಹಾಗೆಂದು ‘ಪಾರ್ಟ್ಸ್ ಆಫ್ ಸ್ಪೀಚ್ ಎಂಟು’ ಎಂದು ಬಾಯಿಪಾಠ ಮಾಡಿಸುವುದನ್ನು ನಾನು ಸಮರ್ಥಿಸುವುದಿಲ್ಲ. ಆ ಎಂಟರ ಕಥೆ ತಿಳಿದರೆ ಸಿಟ್ಟೇ ಬರುತ್ತದೆ. ಡಯೊನೀಸಿಯಸ್ ಥ್ರಾಕ್ಸ್ ಹೆಸರಿನಲ್ಲಿ ಉಳಿದಿರುವ ಗ್ರೀಕ್ ವ್ಯಾಕರಣದ ಎಂಟರಲ್ಲಿ ಆರ್ಟಿಕಲ್ ಇತ್ತು. ಲ್ಯಾಟಿನ್‌ನಲ್ಲಿ ಆರ್ಟಿಕಲ್ ಇಲ್ಲ. ಅಲ್ಲಿನ ವೈಯಾಕರಣರು ಅದನ್ನು ಬಿಟ್ಟು, ಎಂಟರ ಲೆಕ್ಕ ಕೆಡದಂತೆ ಇಂಟರ್‌ಜೆಕ್ಷನ್ ಸೇರಿಸಿದರು. ಇಂಗ್ಲಿಷಿನ ಶಾಲಾ ವ್ಯಾಕರಣ ಬೆಳೆದದ್ದು ಲ್ಯಾಟಿನ್ ನೆರಳಿನಲ್ಲಿ. ಹೀಗಾಗಿ ನಮ್ಮ ಮಗು ಪಟ್ಟಿಯಲ್ಲಿ ‘ಅಯ್ಯೋ’, ‘ಆಹಾ’ಗಳಿಗೆ ಒಂದು ಸ್ಥಾನ ಕಾಣುತ್ತದೆ; ಅತಿ ಹೆಚ್ಚು ಎಡವುವ ‘ಎ’, ‘ದಿ’ಗಳಿಗೆ ಕಾಣುವುದಿಲ್ಲ. ‘ಬಸ್ಸು ಬಂತು’ ಎಂದರೆ ಕಾದಿದ್ದ ಬಸ್ಸೋ, ಯಾವುದೋ ಒಂದು ಬಸ್ಸೋ ಎಂಬುದು ಕನ್ನಡದಲ್ಲಿ ಸಂದರ್ಭದಿಂದಲೇ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಲೇಬೇಕು. ಇದನ್ನು ಮೊದಲು ಕಲಿಸಬೇಕಿತ್ತು.

2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಅದೇ ಮಕ್ಕಳು ಮುಂದೆ ಕನ್ನಡ ಪೀರಿಯಡ್‌ನಲ್ಲಿ ವಿಭಕ್ತಿ ಪ್ರತ್ಯಯಗಳನ್ನು, ಕೇಶಿರಾಜನ ಕಾಲದಿಂದ ಬಂದ ಸಾಮಗ್ರಿಯನ್ನು, ಓದುತ್ತಾರೆ. ಗಂಟೆ ಹೊಡೆದ ಮೇಲೆ ಬರುವ ಇಂಗ್ಲಿಷ್ ಮೇಷ್ಟ್ರು ಪ್ರಿಪೊಸಿಷನ್ ಎಂದು ಹೊಸದಾಗಿ ಶುರು ಮಾಡುತ್ತಾರೆ. ಎರಡೂ ಒಂದೇ ಬೋರ್ಡಿನ ಮೇಲೆ ಬರಬೇಕು. ನಮ್ಮ ಸಪ್ತಮಿ ಒಂದೇ: ಮಾಲೂರಿನಲ್ಲಿ, ರೈಲಿನಲ್ಲಿ, ಸ್ಟೇಷನ್ನಿನಲ್ಲಿ. ಇಂಗ್ಲಿಷ್ ಮೊದಲನೆಯದಕ್ಕೆ ‘ಇನ್’, ಎರಡನೆಯದಕ್ಕೆ ‘ಆನ್’, ಮೂರನೆಯದಕ್ಕೆ ‘ಆಟ್’ ಕೇಳುತ್ತದೆ. ಬೆಳಿಗ್ಗೆ ಬೆಂಗಳೂರಿನ ರೈಲು ಹತ್ತುವ ಅಣ್ಣ ಅಕ್ಕಂದಿರನ್ನು ನೋಡಿ ಬೆಳೆದ ಮಾಲೂರಿನ ಹುಡುಗಿಗೆ ಈ ಮೂರೂ ಚೆನ್ನಾಗಿ ಗೊತ್ತಿರುವ ಜಾಗಗಳೇ. ಪಾಠವನ್ನು ಅಲ್ಲಿಂದ ಶುರು ಮಾಡಿ.